ಬೆಳಕು ಹಂಚಿದ ಬೀಳಗಿಯ ವೈದ್ಯ
ಬೆಂಗಳೂರು: ವಿಜಯನಗರದಿಂದ ಕಾರ್ಡ್ ರಸ್ತೆ ಹಿಡಿದು ರಾಜಾಜಿನಗರ ದಾಟಿದರೆ ಡಾ. ಎಂ.ಸಿ. ಮೋದಿ ಕಣ್ಣಿನ ಆಸ್ಪತ್ರೆ ಇದೆ. ಆ ಹೆಸರಿನ ಹಿಂದಿರುವುದು ತ್ಯಾಗದ ಒಂದು ತುಂಬು ಬದುಕು.

ಮುರುಗಪ್ಪ ಚನ್ನವೀರಪ್ಪ ಮೋದಿ 1916ರಲ್ಲಿ ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಜನಿಸಿದರು. ಕಣ್ಣಿನ ಪೊರೆಗೆ ಪುಟ್ಟದೊಂದು ಶಸ್ತ್ರಚಿಕಿತ್ಸೆ ಸಾಕು. ಆದರೆ ಅದಕ್ಕಾಗಿ ಪಟ್ಟಣಕ್ಕೆ ಬರುವ ಶಕ್ತಿ ಹಳ್ಳಿಯ ಬಡವರಿಗಿರಲಿಲ್ಲ. ಇದನ್ನರಿತ ಅವರು ಖಾಸಗಿ ವೃತ್ತಿಯ ಗಳಿಕೆ ತೊರೆದು ಊರೂರು ಸುತ್ತಿ ಉಚಿತ ಶಿಬಿರಗಳನ್ನು ನಡೆಸಿದರು. ಗಿನ್ನೆಸ್ ದಾಖಲೆಯ ಪ್ರಕಾರ ಒಂದೇ ದಿನ 833, 1993ರ ಫೆಬ್ರವರಿಯವರೆಗೆ ಒಟ್ಟು 6,10,564 ಶಸ್ತ್ರಚಿಕಿತ್ಸೆ ಮಾಡಿದ್ದರು.

1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಅರಸಿ ಬಂದವು. 2005ರಲ್ಲಿ ಅವರು ನಿಧನರಾದರು. ಬೇಡುವವರು ಬಾಗಿಲಿಗೆ ಬರಲೆಂದು ಕಾಯದೆ, ಅವರಿದ್ದಲ್ಲಿಗೇ ಹೋಗಿ ಕೊಟ್ಟದ್ದು ಮೋದಿಯವರ ದಾನದ ಹಿರಿಮೆ.