ಕುಗ್ಗಿದ ದಾರ: ಆಲ್ಬರ್ಟ್ ಸೆಂಟ್-ಜ್ಯೋರ್ಜಿ ಅವರ ಬದುಕು

ಒಮ್ಮೆ ಕೈ ಮಡಚಿ ತೋಳು ಮುಟ್ಟಿ ನೋಡಿ. ಸ್ನಾಯು ಉಬ್ಬಿ ಗಟ್ಟಿಯಾಗಿರತ್ತೆ. ಹಾಸ್ಟೆಲ್ ಜಿಮ್‌ನಲ್ಲಿ ನಮ್ಮ ಗೆಳೆಯರು ದಿನಾ ಕನ್ನಡಿ ಮುಂದೆ ನಿಂತು ನೋಡಿಕೊಳ್ಳೋದು ಇದನ್ನೇ. ಎಂಜಿನಿಯರಿಂಗ್ ಓದುವ ನಾವು ಯಾವ ಮೋಟರ್ ಕಂಡರೂ ಎರಡು ಪ್ರಶ್ನೆ ಕೇಳ್ತೇವೆ: ಇದಕ್ಕೆ ಇಂಧನ ಯಾವುದು, ಎಳೆಯುವ ಭಾಗ ಯಾವುದು? ಆದರೆ ಹುಟ್ಟಿದಾಗಿಂದ ಮೈಯಲ್ಲೇ ಇಟ್ಟುಕೊಂಡು ಓಡಾಡುವ ಈ ಮೋಟರ್ ಬಗ್ಗೆ ನಮ್ಮಲ್ಲಿ ಹೆಚ್ಚಿನವರು ಅದನ್ನು ಕೇಳಿಯೇ ಇಲ್ಲ. ಆ ಪ್ರಶ್ನೆಗೆ ಮೊದಲ ಗಟ್ಟಿ ಉತ್ತರ ಸಿಕ್ಕಿದ್ದು ಎರಡನೇ ಮಹಾಯುದ್ಧದ ನಡುವೆ, ಹಂಗೆರಿಯ ಸೆಗೆಡ್ ಎಂಬ ಊರಿನಲ್ಲಿ. ಅಲ್ಲಿನ ಲ್ಯಾಬನ್ನು ನಡೆಸುತ್ತಿದ್ದವರು ಆಲ್ಬರ್ಟ್ ಸೆಂಟ್-ಜ್ಯೋರ್ಜಿ. ವಿಟಮಿನ್ ಸಿ ಕಂಡುಹಿಡಿದವರು ಅಂತ ಕ್ವಿಜ್‌ನಲ್ಲಿ ಅವರ ಹೆಸರು ಬರತ್ತೆ. ಅವರ ಬದುಕಿನ ಇನ್ನೊಂದು ಅರ್ಧವನ್ನು ಈ ಸಲ ಹೇಳೋಣ ಅಂತ ಹೊರಟಿದ್ದೇವೆ.

ಸೆಂಟ್-ಜ್ಯೋರ್ಜಿ ಹುಟ್ಟಿದ್ದು 1893ರ ಸೆಪ್ಟೆಂಬರ್ 16ರಂದು, ಬುಡಾಪೆಸ್ಟ್‌ನಲ್ಲಿ. ತಾಯಿಯ ಕಡೆ ವಿಜ್ಞಾನಿಗಳ ಮನೆತನ. ಸೋದರಮಾವ ಮಿಹಾಯ್ ಲೆನ್‌ಹೊಶೆಕ್ ಹೆಸರಾಂತ ಅಂಗರಚನಾ ತಜ್ಞರು. ಆದರೆ ಹುಡುಗ ಓದಿನಲ್ಲಿ ಹಿಂದೆ, ಪುಸ್ತಕ ಅಂದ್ರೆ ಆಗುತ್ತಿರಲಿಲ್ಲ. ಹದಿನಾರರ ಸುಮಾರಿಗೆ ಇದ್ದಕ್ಕಿದ್ದಂತೆ ಓದುವ ಹುಚ್ಚು ಹತ್ತಿತು, ವಿಜ್ಞಾನಿಯಾಗ್ತೇನೆ ಅಂದರು. ಮಾವನಿಗೆ ನಂಬಿಕೆಯೇ ಬರಲಿಲ್ಲ. ಅಂಕಗಳು ಏರತೊಡಗಿದ ಮೇಲೆ ಮಾವ ಸ್ವಲ್ಪ ಸ್ವಲ್ಪವೇ ಸಡಿಲಾದರು. ಮಾವನಿಗೆ ಮೂಲವ್ಯಾಧಿ ಇತ್ತು. ಹಾಗಾಗಿ ಅಳಿಯನ ಮೊದಲ ಸಂಶೋಧನಾ ಲೇಖನ ಗುದದ್ವಾರದ ಒಳಪದರದ ಮೇಲೆ! ವಿಜ್ಞಾನಕ್ಕೆ ತಾನು ಹಿಂಬಾಗಿಲಿನಿಂದ ಬಂದವನು ಅಂತ ಮುಂದೆ ಅವರೇ ಹೇಳಿಕೊಂಡು ನಗುತ್ತಿದ್ದರು.

1911ರಲ್ಲಿ ವೈದ್ಯಕೀಯಕ್ಕೆ ಸೇರಿದರು. ಓದು ಮುಗಿಯುವ ಮುಂಚೆಯೇ ಮೊದಲ ಮಹಾಯುದ್ಧ ಶುರುವಾಯಿತು. ಸೇನೆಯ ವೈದ್ಯಕೀಯ ದಳದಲ್ಲಿ ಎರಡು ವರ್ಷ ಕಳೆಯುವಷ್ಟರಲ್ಲಿ, ಈ ಯುದ್ಧ ಸೋತಾಗಿದೆ, ಆದರೂ ಹುಡುಗರನ್ನು ಸಾಯಲು ಕಳಿಸುತ್ತಲೇ ಇದ್ದಾರೆ ಎಂಬುದು ಅವರಿಗೆ ಮನವರಿಕೆಯಾಯಿತು. 1916ರಲ್ಲಿ ಒಂದು ದಿನ ಬಂದೂಕನ್ನು ತನ್ನ ತೋಳಿಗೇ ಹಿಡಿದು ಗುಂಡು ಹಾರಿಸಿಕೊಂಡರು. ಶತ್ರುವಿನ ಗುಂಡು ತಗುಲಿತು ಅಂತ ವರದಿ ಕೊಟ್ಟರು. ಸುಳ್ಳು ಬಯಲಾಗಿದ್ದರೆ ಬದುಕು ಅಲ್ಲಿಗೇ ಮುಗಿಯುತ್ತಿತ್ತು. ರಜೆ ಸಿಕ್ಕಿತು, 1917ರಲ್ಲಿ ಪದವಿ ಮುಗಿಸಿದರು. ವರ್ಷಗಟ್ಟಲೆ ಸ್ನಾಯುವಿಗಾಗಿ ದುಡಿದ ಈ ಮನುಷ್ಯ ಒಂದು ಕಾಲದಲ್ಲಿ ತನ್ನ ತೋಳನ್ನೇ ಒಡೆದುಕೊಂಡಿದ್ದರು ಅಂತ ಓದಿದಾಗ ನಾವು ಸ್ವಲ್ಪ ಹೊತ್ತು ಸುಮ್ಮನಾದೆವು.

ಯುದ್ಧ ಮುಗಿದ ಮೇಲೆ ಅಲೆದಾಟ. ಊರಿಂದೂರಿಗೆ, ಲ್ಯಾಬಿಂದ ಲ್ಯಾಬಿಗೆ, ಕೈಯಲ್ಲಿ ಕಾಸಿಲ್ಲ. 1926ರ ಹೊತ್ತಿಗೆ ಹೆಂಡತಿ ಮಗಳನ್ನು ತವರಿಗೆ ಕಳಿಸಿ, ವಿಜ್ಞಾನ ಬಿಟ್ಟೇಬಿಡೋಣ ಅನ್ನುವ ಹಂತಕ್ಕೆ ಬಂದಿದ್ದರು. ಆ ವರ್ಷ ಸ್ಟಾಕ್‌ಹೋಮ್‌ನ ಸಮ್ಮೇಳನದಲ್ಲಿ ಕೇಂಬ್ರಿಜ್‌ನ ಫ್ರೆಡರಿಕ್ ಹಾಪ್‌ಕಿನ್ಸ್ ತಮ್ಮ ಭಾಷಣದಲ್ಲಿ ಇವರ ಲೇಖನವನ್ನು ಪ್ರಸ್ತಾಪಿಸಿದರು, ಆಮೇಲೆ ಕೇಂಬ್ರಿಜ್‌ಗೆ ಕರೆಸಿಕೊಂಡರು. ಅಲ್ಲಿ ಅವರು ಬೇರ್ಪಡಿಸಿದ ವಸ್ತುವೇ ಮುಂದೆ ವಿಟಮಿನ್ ಸಿ ಅಂತ ಸಾಬೀತಾಯಿತು.

ಸೆಗೆಡ್‌ಗೆ ಪ್ರೊಫೆಸರಾಗಿ ಹೋದ ಮೇಲೆ ಆ ವಸ್ತು ಸಾಕಷ್ಟು ಸಿಗುತ್ತಿರಲಿಲ್ಲ. ಆ ಊರು ಪ್ಯಾಪ್ರಿಕಾ ಮೆಣಸಿನಕಾಯಿಗೆ ಹೆಸರುವಾಸಿ. ನಮ್ಮ ಬ್ಯಾಡಗಿಯೂ ಅದೂ ಒಂದೇ ಜಾತಿಯ ಗಿಡಗಳು. ಒಂದು ರಾತ್ರಿ ಊಟಕ್ಕೆ ಹೆಂಡತಿ ಹಸಿ ಪ್ಯಾಪ್ರಿಕಾ ಬಡಿಸಿದರಂತೆ. ಇವರಿಗೆ ತಿನ್ನುವ ಮನಸ್ಸಿಲ್ಲ. ಬೇಡ ಅನ್ನಲೂ ಧೈರ್ಯವಿಲ್ಲದೆ, ಇದನ್ನು ಪರೀಕ್ಷೆ ಮಾಡಬೇಕು ಅಂತ ನೆಪ ಹೇಳಿ ಲ್ಯಾಬಿಗೆ ಒಯ್ದರು. ಮಧ್ಯರಾತ್ರಿಯ ಹೊತ್ತಿಗೆ ಅದರ ತುಂಬ ವಿಟಮಿನ್ ಸಿ ಇರುವುದು ಗೊತ್ತಾಯಿತು. ಕೆಲವೇ ವಾರಗಳಲ್ಲಿ ಕಿಲೋಗಟ್ಟಲೆ ತೆಗೆದರು. 1937ರಲ್ಲಿ ನೊಬೆಲ್ ಬಂತು.

ನಾವಾಗಿದ್ದರೆ ಅಲ್ಲಿಗೆ ಸಾಕು ಅನ್ನುತ್ತಿದ್ದೆವೇನೋ. ಅವರು ವಿಟಮಿನ್ ಬಿಟ್ಟು ಸ್ನಾಯುವಿನ ಕಡೆ ಹೊರಳಿದರು. ಅವರನ್ನು ಕಾಡುತ್ತಿದ್ದದ್ದು ಜೀವ ಅಂದರೇನು ಎಂಬ ಪ್ರಶ್ನೆ. ಜೀವದ ಎದ್ದು ಕಾಣುವ ಗುರುತು ಚಲನೆ, ಚಲನೆಗಾಗಿಯೇ ಇರುವ ಅಂಗ ಸ್ನಾಯು. ಸ್ನಾಯುವಿನಲ್ಲಿ ಮಯೋಸಿನ್ ಎಂಬ ಪ್ರೊಟೀನ್ ಇದೆಯೆಂದು 19ನೇ ಶತಮಾನದಿಂದಲೇ ಗೊತ್ತಿತ್ತು. 1939ರಲ್ಲಿ ಮಾಸ್ಕೋದ ಎಂಗೆಲ್‌ಹಾರ್ಟ್ ಮತ್ತು ಲ್ಯುಬಿಮೊವಾ, ಜೀವಕೋಶದ ಇಂಧನವಾದ ಎಟಿಪಿಯನ್ನು ಒಡೆಯುವುದು ಈ ಮಯೋಸಿನ್ನೇ ಎಂದು ತೋರಿಸಿದ್ದರು. ಅಂದರೆ ಇಂಧನ ಉರಿಯುವ ಜಾಗ ಸಿಕ್ಕಿತ್ತು. ಅದು ಎಳೆಯೋದು ಹೇಗೆ ಅನ್ನೋದು ಮಾತ್ರ ಕತ್ತಲು.

ಸೆಗೆಡ್‌ನ ಲ್ಯಾಬಿನಲ್ಲಿ ಇಲೋನಾ ಬಾಂಗಾ ಮೊಲದ ಸ್ನಾಯುವನ್ನು ಅರೆದು ಉಪ್ಪುನೀರಿನಲ್ಲಿ ನೆನೆಸಿ ಮಯೋಸಿನ್ ತೆಗೆಯುತ್ತಿದ್ದರು. ಇಪ್ಪತ್ತು ನಿಮಿಷಕ್ಕೆ ಸೋಸಿದರೆ ತೆಳ್ಳಗಿನ ದ್ರಾವಣ. ಅದೇ ಹಿಟ್ಟನ್ನು ರಾತ್ರಿಯಿಡೀ ಹಾಗೇ ಬಿಟ್ಟರೆ ಬೆಳಿಗ್ಗೆ ಲೋಳೆಯಂತೆ ಮಂದ. ಎಟಿಪಿ ಹಾಕಿದರೆ ಆ ಮಂದ ದ್ರಾವಣ ಮತ್ತೆ ತೆಳ್ಳಗಾಗುತ್ತಿತ್ತು. ಇದು ಕೊಳೆ, ಕೆಟ್ಟ ಸ್ಯಾಂಪಲ್ ಅಂತ ಚೆಲ್ಲಬಹುದಿತ್ತು. ಅವರು ಚೆಲ್ಲಲಿಲ್ಲ.

ಆ ಮಂದ ದ್ರಾವಣವನ್ನು ಸಣ್ಣ ತೂತಿನಿಂದ ನೀರಿಗೆ ಚಿಮ್ಮಿಸಿ ಎಳೆ ಎಳೆಯಾಗಿ ದಾರ ಮಾಡಿದರು, ನಮ್ಮಲ್ಲಿ ಶಾವಿಗೆ ಒತ್ತಿದ ಹಾಗೆ. ಅದರ ಮೇಲೆ ಸ್ನಾಯುವನ್ನು ಕುದಿಸಿ ತೆಗೆದ ರಸ ಹಾಕಿದರು. ಕುದಿಸಿದ ರಸದಲ್ಲಿ ಪ್ರೊಟೀನುಗಳು ಕೆಟ್ಟಿರುತ್ತವೆ, ಎಟಿಪಿ ಉಳಿದಿರುತ್ತದೆ. ದಾರ ಕುಗ್ಗಿತು! ನರವಿಲ್ಲ, ರಕ್ತವಿಲ್ಲ, ಜೀವಕೋಶವೇ ಇಲ್ಲ. ಗಾಜಿನ ಮೇಲೆ ಪ್ರೊಟೀನಿನ ದಾರವೊಂದು ತಾನಾಗಿ ಎಳೆದುಕೊಂಡಿತ್ತು. ತನ್ನ ವಿಜ್ಞಾನ ಜೀವನದಲ್ಲಿ ಇದಕ್ಕಿಂತ ರೋಮಾಂಚನದ ಗಳಿಗೆ ಇನ್ನೊಂದಿಲ್ಲ ಅಂತ ಅವರು ಮುಂದೆ ನೆನೆಯುತ್ತಿದ್ದರು. ನೊಬೆಲ್ ಬಂದ ದಿನಕ್ಕೂ ಆ ಮಾತು ಹೇಳಲಿಲ್ಲ, ಗಮನಿಸಿ.

ರಾತ್ರಿಯಿಡೀ ಬಿಟ್ಟಾಗ ಮಯೋಸಿನ್ ಜೊತೆ ಇನ್ನೇನೋ ಸೇರಿಕೊಳ್ಳುತ್ತಿದೆ ಅನ್ನುವುದು ಸ್ಪಷ್ಟವಾಯಿತು. ಅದನ್ನು 1942ರಲ್ಲಿ ಬೇರ್ಪಡಿಸಿದವರು ಲ್ಯಾಬಿನ ಇನ್ನೊಬ್ಬ ಯುವಕ ಬ್ರೂನೋ ಸ್ಟ್ರಾಬ್. ಹೊಸ ಪ್ರೊಟೀನಿಗೆ ಆಕ್ಟಿನ್ ಅಂತ ಹೆಸರಿಟ್ಟರು. ಒಂಟಿ ಮಯೋಸಿನ್ನಿನ ದಾರ ಎಟಿಪಿ ಹಾಕಿದರೂ ಕುಗ್ಗದು. ಆಕ್ಟಿನ್ ಜೊತೆಗಿದ್ದರೆ ಕುಗ್ಗುತ್ತದೆ. ಮೋಟರಿನ ಎರಡೂ ಭಾಗ ಸಿಕ್ಕಿದ್ದವು. ಸತ್ತ ಮೇಲೆ ದೇಹ ಸೆಟೆದುಕೊಳ್ಳುವುದಕ್ಕೂ ಕಾರಣ ಇಲ್ಲೇ ಇತ್ತು. ಎಟಿಪಿ ಮುಗಿದಾಗ ಎರಡು ಪ್ರೊಟೀನುಗಳೂ ಒಂದನ್ನೊಂದು ಕಚ್ಚಿಕೊಂಡು ಬಿಡುವುದಿಲ್ಲ. ಎಳೆಯೋದಕ್ಕಷ್ಟೇ ಅಲ್ಲ, ಹಿಡಿತ ಬಿಡೋದಕ್ಕೂ ಇಂಧನ ಬೇಕು.

ಹೊರಗೆ ಮಾತ್ರ ಯುದ್ಧ. ಹಂಗೆರಿ ಜರ್ಮನಿಯ ಪಕ್ಷದಲ್ಲಿತ್ತು. ಸೆಗೆಡ್‌ನ ಲೇಖನಗಳು ವಿಶ್ವವಿದ್ಯಾಲಯವೇ ಅಚ್ಚು ಹಾಕಿಸಿದ ಸಂಪುಟಗಳಲ್ಲಿ ಬರುತ್ತಿದ್ದವು, ಹೊರಜಗತ್ತಿಗೆ ತಲುಪುವುದು ಕಷ್ಟ. ಅಷ್ಟರಲ್ಲಿ 1943ರಲ್ಲಿ ಸೆಂಟ್-ಜ್ಯೋರ್ಜಿ ಉಪನ್ಯಾಸದ ನೆಪದಲ್ಲಿ ಇಸ್ತಾನ್‌ಬುಲ್‌ಗೆ ಹೋದರು. ನಿಜವಾದ ಕೆಲಸ, ಹಂಗೆರಿಯನ್ನು ಜರ್ಮನಿಯ ಹಿಡಿತದಿಂದ ಬಿಡಿಸಲು ಮಿತ್ರರಾಷ್ಟ್ರಗಳ ಜೊತೆ ಗುಟ್ಟಿನ ಮಾತುಕತೆ. ಗುಟ್ಟು ಉಳಿಯಲಿಲ್ಲ. 1944ರ ಮಾರ್ಚಿನಲ್ಲಿ ಜರ್ಮನ್ ಸೇನೆ ಹಂಗೆರಿಯನ್ನು ಆಕ್ರಮಿಸಿದ ಮೇಲೆ ಗೆಸ್ಟಾಪೊ ಅವರ ಬೆನ್ನುಬಿತ್ತು. ನೊಬೆಲ್ ಪಡೆದ ಪ್ರೊಫೆಸರು ಮನೆಯಿಂದ ಮನೆಗೆ ಅಡಗುತ್ತ ದಿನ ಕಳೆದರು. ಸ್ವೀಡನ್ ಅವರಿಗೆ ತನ್ನ ಪೌರತ್ವ ಕೊಟ್ಟು ನೆರವಾಯಿತು.

ಇಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ ಸಂಗತಿ ಒಂದಿದೆ. ನಾಳೆ ಬದುಕಿರ್ತೇನೋ ಇಲ್ವೋ ಅನ್ನುವ ಆ ದಿನಗಳಲ್ಲಿ ಲ್ಯಾಬಿನ ಸ್ನಾಯು ಸಂಶೋಧನೆಯೆಲ್ಲ ಒಂದೇ ಬರಹವಾಗಿ ಸೇರಿ ಸ್ವೀಡನ್ ತಲುಪಿತು. 1945ರಲ್ಲಿ ಅಲ್ಲಿನ ಶರೀರಕ್ರಿಯಾ ಪತ್ರಿಕೆ ಅದನ್ನು ಪುರವಣಿಯಾಗಿ ಅಚ್ಚು ಮಾಡಿತು. ಯುದ್ಧ ಮುಗಿದು ಜಗತ್ತು ಕಣ್ಣು ಬಿಟ್ಟಾಗ ಸೆಗೆಡ್‌ನ ಕೆಲಸ ಎಲ್ಲರಿಗೂ ಓದಲು ಸಿಕ್ಕಿತು.

ಯುದ್ಧಾನಂತರ ಸೋವಿಯತ್ ನೆರಳಿನ ಹಂಗೆರಿಯಲ್ಲಿ ಸಂಸದರೂ ಆಗಿದ್ದರು. ಭರವಸೆ ಬೇಗ ಬತ್ತಿತು. 1947ರಲ್ಲಿ ದೇಶ ಬಿಟ್ಟು ಅಮೆರಿಕಕ್ಕೆ ಹೋದರು, ಮ್ಯಾಸಚೂಸೆಟ್ಸ್‌ನ ಕಡಲತಡಿಯ ವುಡ್ಸ್ ಹೋಲ್‌ನಲ್ಲಿ ನೆಲೆಸಿದರು. ಬಾಂಗಾ, ಸ್ಟ್ರಾಬ್ ಹಂಗೆರಿಯಲ್ಲೇ ಉಳಿದರು. ಸ್ಟ್ರಾಬ್ ಮುಂದೆ 1988ರಲ್ಲಿ ಆ ದೇಶದ ಮುಖ್ಯಸ್ಥರೇ ಆದರು!

ಆ ದಾರದ ಬಗ್ಗೆ ತಕರಾರು ಇತ್ತು. ಅದು ಕುಗ್ಗಿದ್ದು ನೀರು ಬಿಟ್ಟುಕೊಂಡಿದ್ದರಿಂದ, ನಿಜವಾದ ಸ್ನಾಯುವಿನ ಹಾಗೆ ಎಳೆದು ಅಲ್ಲ ಅಂತ ಕೆಲವರ ವಾದ. ಸೆಂಟ್-ಜ್ಯೋರ್ಜಿ ಜಗಳಕ್ಕೆ ಕೂರದೆ ಇನ್ನೊಂದು ಪ್ರಯೋಗ ಮಾಡಿದರು. 1949ರಲ್ಲಿ ಮೊಲದ ಸ್ನಾಯುವಿನ ಕಟ್ಟನ್ನು ಅರ್ಧ ಗ್ಲಿಸರಿನ್, ಅರ್ಧ ನೀರಿನಲ್ಲಿ ಮುಳುಗಿಸಿ ತಣ್ಣಗೆ ಇಟ್ಟರು. ಜೀವಕೋಶದ ಪೊರೆ ಹಾಳಾಗಿ ಕರಗುವ ವಸ್ತುಗಳೆಲ್ಲ ಹೊರಹೋದವು, ಎಳೆಗಳ ಜೋಡಣೆ ಮಾತ್ರ ಹಾಗೇ ಉಳಿಯಿತು. ಎಟಿಪಿ ಕೊಟ್ಟಾಗ ಆ ಸತ್ತ ಸ್ನಾಯು ಬದುಕಿದ ಸ್ನಾಯುವಿನಷ್ಟೇ ಬಲವಾಗಿ ಎಳೆಯಿತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಲೋಡ್ ಟೆಸ್ಟ್ ಪಾಸ್.

ಆದರೂ ಎಳೆತದ ಬಗೆಯನ್ನು ಊಹಿಸುವುದರಲ್ಲಿ ಅವರು ಎಡವಿದರು. ಪ್ರೊಟೀನಿನ ಎಳೆಯೇ ಮಡಚಿ ಗಿಡ್ಡವಾಗತ್ತೆ ಅಂತ ಅವರೂ ಆ ಕಾಲದ ಹಲವರೂ ನಂಬಿದ್ದರು. ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಇದೇ ಗ್ಲಿಸರಿನ್ ವಿಧಾನದ ಎಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಆಂಡ್ರ್ಯೂ ಹಕ್ಸ್‌ಲಿ ಮತ್ತು ನೀಡರ್‌ಗೆರ್ಕೆ ಬದುಕಿದ ಎಳೆಗಳನ್ನು ನೋಡಿದರು. 1954ರ ಮೇ ತಿಂಗಳ ಒಂದೇ ಸಂಚಿಕೆಯಲ್ಲಿ ಎರಡೂ ಜೋಡಿಯ ಉತ್ತರ ಬಂತು: ಯಾವ ಎಳೆಯೂ ಗಿಡ್ಡವಾಗುವುದಿಲ್ಲ, ಮಯೋಸಿನ್ ಎಳೆಗಳ ನಡುವೆ ಆಕ್ಟಿನ್ ಎಳೆಗಳು ಜಾರುತ್ತವೆ. ಅವರ ಊಹೆಯನ್ನು ಉರುಳಿಸಿದ ಕೆಲಸಕ್ಕೆ ಅವರದೇ ವಿಧಾನ ಒದಗಿತ್ತು. ಅದರಲ್ಲಿ ಅವಮಾನ ಏನೂ ಕಾಣಿಸಲ್ಲ ನಮಗೆ.

ಆಮೇಲೆ ಅವರು ಕ್ಯಾನ್ಸರ್ ಕಡೆ ತಿರುಗಿದರು. 1963ರಲ್ಲಿ ಎರಡನೇ ಹೆಂಡತಿ ಮಾರ್ತಾ, 1969ರಲ್ಲಿ ಮಗಳು, ಇಬ್ಬರನ್ನೂ ಆ ರೋಗ ಒಯ್ದಿತ್ತು. ಪ್ರೊಟೀನಿನೊಳಗೆ ಎಲೆಕ್ಟ್ರಾನ್‌ಗಳ ಓಡಾಟದಲ್ಲಿ ಅದರ ಮೂಲವಿದೆ ಅಂತ ಕೊನೆತನಕ ಹುಡುಕಿದರು. ಆ ವಿಚಾರ ಗೆಲ್ಲಲಿಲ್ಲ. ಈ ನಡುವೆ 1966ರಲ್ಲಿ ಜಪಾನಿನ ಹಟಾನೊ ಮತ್ತು ಊಸಾವಾ, ಸ್ನಾಯುವೇ ಇಲ್ಲದ ಲೋಳೆಬೂಷ್ಟಿನಲ್ಲಿ ಆಕ್ಟಿನ್ ಪತ್ತೆಮಾಡಿದ್ದರು. ಈಗ ಗೊತ್ತು, ನಮ್ಮ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಅದಿದೆ. ರೋಗಾಣುವಿನ ಬೆನ್ನಟ್ಟುವ ಬಿಳಿ ರಕ್ತಕಣ ತನ್ನ ಮುಂಭಾಗದಲ್ಲಿ ಆಕ್ಟಿನ್ ಎಳೆಗಳನ್ನು ಕಟ್ಟಿ ಪೊರೆಯನ್ನು ಮುಂದೆ ತಳ್ಳುತ್ತದೆ, ಹಿಂಭಾಗವನ್ನು ಮಯೋಸಿನ್ ಎಳೆದುಕೊಳ್ಳುತ್ತದೆ. ಗಾಯ ಮಾಯುವಾಗ ಚರ್ಮದ ಕೋಶಗಳು ತೆವಳುವುದೂ ಹೀಗೇ. ಕ್ಯಾನ್ಸರ್ ಕೋಶ ಗಡ್ಡೆ ಬಿಟ್ಟು ಹೊರಡುವುದಕ್ಕೂ ಇವೇ ಪ್ರೊಟೀನುಗಳು ಬೇಕು. ಹೆಂಡತಿ, ಮಗಳನ್ನು ಕಳೆದುಕೊಂಡು ಅವರು ಬೆನ್ನಟ್ಟಿದ ರೋಗಕ್ಕೂ ಸೆಗೆಡ್‌ನ ಆ ದಾರಕ್ಕೂ ನಂಟಿತ್ತು.

1986ರಲ್ಲಿ ಅಮೆರಿಕದ ಕ್ರಾನ್ ಮತ್ತು ಸ್ಪುಡಿಚ್, ಮಯೋಸಿನ್ ಹಚ್ಚಿದ ಗಾಜಿನ ಮೇಲೆ ಹೊಳೆಯುವ ಒಂಟಿ ಆಕ್ಟಿನ್ ಎಳೆಗಳು ಹಾವಿನ ಹಾಗೆ ಸರಿಯುವುದನ್ನು ತೋರಿಸಿದರು. ಅದೇ ವರ್ಷ ಅಕ್ಟೋಬರ್ 22ರಂದು, 93ರ ವಯಸ್ಸಿನಲ್ಲಿ, ಸೆಂಟ್-ಜ್ಯೋರ್ಜಿ ವುಡ್ಸ್ ಹೋಲ್‌ನಲ್ಲಿ ತೀರಿಕೊಂಡರು. 1994ರ ಹೊತ್ತಿಗೆ ಲೇಸರ್ ಬೆಳಕಿನಲ್ಲಿ ಹಿಡಿದು ಒಂದೇ ಒಂದು ಮಯೋಸಿನ್ ಅಣುವಿನ ಹೆಜ್ಜೆ ಅಳೆದರು: ಸುಮಾರು 11 ನ್ಯಾನೊಮೀಟರ್. 2022ರಲ್ಲಿ, ಹೃದಯದ ಸ್ನಾಯು ದಪ್ಪಗಾಗಿ ಅತಿಯಾಗಿ ಎಳೆಯುವ ಒಂದು ಕಾಯಿಲೆಗೆ, ಮಯೋಸಿನ್ನನ್ನೇ ಹಿಡಿದು ನಿಧಾನಿಸುವ ಮ್ಯಾವಾಕ್ಯಾಮ್ಟೆನ್ ಎಂಬ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2023ರಲ್ಲಿ ಹೃದಯದ ಮಯೋಸಿನ್ ಎಳೆಯ ವಿವರವಾದ ರಚನೆಯೂ ಬೆಳಕಿಗೆ ಬಂತು.

ಇದು ನಮಗೆ ದೂರದ ಸುದ್ದಿಯಲ್ಲ. ಮಯೋಸಿನ್‌ಗೆ ಅಂಟಿಕೊಂಡು ಅದನ್ನು ಹದ್ದುಬಸ್ತಿನಲ್ಲಿಡುವ ಪ್ರೊಟೀನೊಂದಿದೆ. ದಕ್ಷಿಣ ಏಷ್ಯಾದ ಜನರಲ್ಲಿ ಸುಮಾರು ಶೇ. 4 ಮಂದಿಗೆ ಅದರ ಜೀನಿನಲ್ಲಿ 25 ಅಕ್ಷರಗಳ ಒಂದು ತುಂಡು ಇಲ್ಲ, ಇದು ಹೃದಯ ಸೋಲುವ ಅಪಾಯವನ್ನು ಹೆಚ್ಚಿಸುತ್ತದೆ ಎಂದು 2009ರ ಅಧ್ಯಯನ ತೋರಿಸಿತು. ನೂರಕ್ಕೆ ನಾಲ್ಕು ಅಂದರೆ ನಮ್ಮ ಒಂದು ಕ್ಲಾಸಿಗೆ ಇಬ್ಬರೋ ಮೂವರೋ.

ಈ ಲೇಖನ ಬರೆಯುವಾಗ ನಮ್ಮಲ್ಲಿ ಹೆಚ್ಚು ಚರ್ಚೆಯಾದದ್ದು ಬಾಂಗಾ ಅವರ ಆ ಬೆಳಗಿನ ಬಗ್ಗೆ. ರಾತ್ರಿ ಬಿಟ್ಟ ಹಿಟ್ಟು ಬೆಳಿಗ್ಗೆ ಬೇರೆ ಥರ ಆಗಿತ್ತು, ಅವರು ಚೆಲ್ಲುವ ಮುಂಚೆ ಯಾಕೆ ಅಂತ ಕೇಳಿದರು. ನಮ್ಮ ಲ್ಯಾಬ್‌ನಲ್ಲಿ ರೀಡಿಂಗ್ ಸರಿ ಬರದಿದ್ದರೆ ಸೀನಿಯರ್ ರೆಕಾರ್ಡ್ ನೋಡಿ ಬರೆದುಬಿಡ್ತೇವೆ, ಅಲ್ವಾ? ಮುಂದಿನ ಸಲ ಆ ತಪ್ಪು ರೀಡಿಂಗನ್ನೂ ಒಂದು ಮೂಲೆಯಲ್ಲಿ ಬರೆದಿಟ್ಟುಕೊಳ್ಳೋಣ ಅಂತ ಮಾತಾಡಿಕೊಂಡಿದ್ದೇವೆ.