ಕಂಡದ್ದನ್ನು ಕಂಡಷ್ಟೇ ಬರೆದ ಪುರ್ಕಿಂಜೆ

ಹೃದಯದ ಪಾಠದಲ್ಲಿ ‘ಪುರ್ಕಿಂಜೆ ತಂತುಗಳು’ ಎಂಬುದು ಚಿತ್ರದ ಕೆಳಭಾಗಕ್ಕೆ ನಾವು ಬರೆಸುವ ಒಂದು ಹೆಸರು ಮಾತ್ರ. ಆ ಹೆಸರಿನ ವಿಜ್ಞಾನಿ ಒಬ್ಬ ಒಳ್ಳೆಯ ಶಿಕ್ಷಕರೂ ಆಗಿದ್ದರು.

ಯಾನ್ ಪುರ್ಕಿಂಜೆ 1787ರಲ್ಲಿ ಬೊಹೀಮಿಯಾದಲ್ಲಿ, ಅಂದರೆ ಇಂದಿನ ಚೆಕ್ ಗಣರಾಜ್ಯದಲ್ಲಿ, ಜನಿಸಿದರು. ಪಾದ್ರಿಯಾಗಲು ಹೊರಟವರು ಆ ದಾರಿ ಬಿಟ್ಟು, ಶ್ರೀಮಂತರ ಮನೆಯಲ್ಲಿ ಪಾಠ ಹೇಳಿ ಬದುಕಿದರು. ಪ್ರಾಗ್‌ನಲ್ಲಿ ವೈದ್ಯಶಾಸ್ತ್ರ ಓದಿ, 1823ರಲ್ಲಿ ಬ್ರೆಸ್ಲೌ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಬರೀ ಉಪನ್ಯಾಸ ಅವರಿಗೆ ಸಾಲದು. ವಿದ್ಯಾರ್ಥಿಗಳೆದುರು ಪ್ರಯೋಗ ಮಾಡಿ ತೋರಿಸುತ್ತಿದ್ದರು. ಸರಿಯಾದ ಪ್ರಯೋಗಾಲಯ ಇಲ್ಲದಿದ್ದಾಗ ಮನೆಯನ್ನೇ ಪ್ರಯೋಗಾಲಯ ಮಾಡಿಕೊಂಡರು. 1832ರಲ್ಲಿ ಉತ್ತಮ ಸೂಕ್ಷ್ಮದರ್ಶಕ ಕೈಗೆ ಬಂತು. 1835ರಲ್ಲಿ ಪತ್ನಿ ತೀರಿಕೊಂಡರು. ಇಬ್ಬರು ಹೆಣ್ಣುಮಕ್ಕಳೂ ಎಳವೆಯಲ್ಲೇ ಹೋಗಿದ್ದರು. ಆದರೂ ಕೆಲಸ ನಿಲ್ಲಲಿಲ್ಲ.

1839ರಲ್ಲಿ ಕುರಿಯ ಹೃದಯದ ಒಳಪದರದ ಕೆಳಗೆ ಬೂದುಬಣ್ಣದ, ಲೋಳೆಯಂಥ ಎಳೆಗಳ ಬಲೆಯನ್ನು ಅವರು ಗುರುತಿಸಿದರು. ಮೊದಲು ಅದನ್ನು ಮೃದ್ವಸ್ಥಿ ಎಂದುಕೊಂಡರು; ಮುಂದೆ ಸ್ನಾಯುವಿರಬೇಕು ಎಂದು ಅಭಿಪ್ರಾಯ ತಿದ್ದಿಕೊಂಡರು. ಅದರ ನಿಜವಾದ ಕೆಲಸ ಮಾತ್ರ ಅವರ ಕಾಲದಲ್ಲಿ ತಿಳಿಯಲಿಲ್ಲ. 1869ರಲ್ಲಿ ಅವರು ಪ್ರಾಗ್‌ನಲ್ಲಿ ನಿಧನರಾದರು.

ಉತ್ತರ ಬಂದದ್ದು 1906ರಲ್ಲಿ. ಈ ಎಳೆಗಳು ಹೃತ್ಕರ್ಣ ಮತ್ತು ಹೃತ್ಕುಕ್ಷಿಗಳ ನಡುವಿನ ಎ.ವಿ. ಗಂಟಿನಿಂದ ಹೊರಡುವ ಒಂದೇ ದಾರಿಯ ಕೊನೆ ಎಂದು ಜಪಾನಿನ ಸುನಾವೊ ತವಾರ ತೋರಿಸಿದರು. ಮರುವರ್ಷ ಕೀತ್ ಮತ್ತು ಫ್ಲ್ಯಾಕ್ ಬಲ ಹೃತ್ಕರ್ಣದಲ್ಲಿ ಎಸ್.ಎ. ಗಂಟನ್ನು ಕಂಡುಹಿಡಿದರು. ಮಿಡಿತ ಹುಟ್ಟುವುದು ಅಲ್ಲಿ. ಅಲ್ಲಿನ ಕೋಶಗಳೊಳಗೆ ಸೋಡಿಯಂ ಅಯಾನುಗಳು ನಿಧಾನವಾಗಿ ಸೋರುತ್ತವೆ. ವಿದ್ಯುತ್ ವಿಭವ ಒಂದು ಮಟ್ಟ ಮುಟ್ಟಿದೊಡನೆ ಕ್ಯಾಲ್ಸಿಯಂ ನುಗ್ಗಿ ಸಂಕೇತ ಹೊರಡುತ್ತದೆ. ವಿಶ್ರಾಂತಿಯಲ್ಲಿ ಇದು ನಿಮಿಷಕ್ಕೆ 60ರಿಂದ 100 ಬಾರಿ ನಡೆಯುತ್ತದೆ. ಎ.ವಿ. ಗಂಟಿನಲ್ಲಿ ಸಂಕೇತ ಸುಮಾರು 0.1 ಸೆಕೆಂಡು ತಡೆಯುವುದರಿಂದ ಹೃತ್ಕುಕ್ಷಿಗಳು ತುಂಬಲು ಸಮಯ ಸಿಗುತ್ತದೆ. ಬಳಿಕ ಪುರ್ಕಿಂಜೆ ತಂತುಗಳು ಅದನ್ನು ಹೃತ್ಕುಕ್ಷಿಗಳ ತುಂಬ ಬೇಗನೆ ಹರಡುತ್ತವೆ. ನರಗಳು ವೇಗವನ್ನು ಹೆಚ್ಚುಕಡಿಮೆ ಮಾಡಬಲ್ಲವು, ಮಿಡಿತವನ್ನು ಹುಟ್ಟಿಸುವುದಿಲ್ಲ. ಅದಕ್ಕೇ ಸೂಕ್ತ ಲವಣ ದ್ರಾವಣದಲ್ಲಿಟ್ಟ ಕಪ್ಪೆಯ ಹೃದಯ ದೇಹದ ಹೊರಗೂ ಬಡಿಯುತ್ತದೆ.

ಪುರ್ಕಿಂಜೆ ಎಳೆಗಳನ್ನು ಕಂಡದ್ದಕ್ಕೂ ಅವುಗಳ ಕೆಲಸ ತಿಳಿದದ್ದಕ್ಕೂ 67 ವರ್ಷಗಳ ಅಂತರವಿದೆ. ಅವರು ಕಂಡಷ್ಟನ್ನು ಸ್ಪಷ್ಟವಾಗಿ ಬರೆದಿಟ್ಟಿದ್ದರಿಂದಲೇ ತವಾರರಿಗೆ ಹಿಡಿಯಲು ಒಂದು ಎಳೆ ಸಿಕ್ಕಿತು. ನಮ್ಮ ತರಗತಿಯಲ್ಲಿ ಮಗು ಕಂಡದ್ದನ್ನು ಸರಿಯಾಗಿ ಬರೆದು, ಕಾರಣ ತಿಳಿಯದೆ ಬಿಟ್ಟರೆ ಸೊನ್ನೆ ಅಂಕ ಕೊಡುತ್ತೇವೆ. ವೀಕ್ಷಣೆಗೆಂದೇ ಒಂದಷ್ಟು ಅಂಕವನ್ನು ಪಾಠಯೋಜನೆಯ ಮೌಲ್ಯಮಾಪನದಲ್ಲಿ ಬೇರೆಯಾಗಿ ಇಡುವುದು ನ್ಯಾಯ.