ಅಜ್ಜಿಯ ಹಣೆ ಮತ್ತು ಬೋಲಿನ್ ಬೆಲ್ಟ್

ಕಳೆದ ದೀಪಾವಳಿಗೆ ಮನೆಯವರೆಲ್ಲ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಕಾರಿನಲ್ಲಿ ಹೊರಟಿದ್ದೆವು. ಸ್ಟೇರಿಂಗ್ ನನ್ನ ಕೈಯಲ್ಲಿತ್ತು. ಚಿತ್ರದುರ್ಗ ದಾಟಿದ ಮೇಲೆ ರಸ್ತೆ ಖಾಲಿ, ವೇಗ ನೂರರ ಹತ್ತಿರ. ಡಿವೈಡರ್ ಸಂದಿಯಿಂದ ಬೈಕೊಂದು ಅಡ್ಡ ಬಂತು. ಬ್ರೇಕ್ ತುಳಿದೆ. ಪುಣ್ಯಕ್ಕೆ ಡಿಕ್ಕಿ ಆಗಲಿಲ್ಲ. ಆದರೆ ಹಿಂದೆ ಕೂತಿದ್ದ ಅಜ್ಜಿಯ ಹಣೆ ಮುಂದಿನ ಸೀಟಿಗೆ ಬಡಿದು ಊದಿಕೊಂಡಿತು. ಮುಂದಿದ್ದ ನನ್ನನ್ನೂ ಅಪ್ಪನನ್ನೂ ಬೆಲ್ಟ್ ಹಿಡಿದಿತ್ತು. ಹಿಂದಿನವರಿಗೂ ಬೆಲ್ಟ್ ಇದೆ ಎಂಬುದು ಮೆಕ್ಯಾನಿಕಲ್ ಓದುವ ನನಗೇ ನೆನಪಿರಲಿಲ್ಲ. ನಾಚಿಕೆಯಾಯಿತು. ಆ ಬೆಲ್ಟ್ ಮಾಡಿದವರು ಯಾರು ಎಂದು ಹುಡುಕಿದಾಗ ಸಿಕ್ಕಿದ್ದು ನಿಲ್ಸ್ ಬೋಲಿನ್.

ಬೋಲಿನ್ 1920ರ ಜುಲೈ 17ರಂದು ಸ್ವೀಡನ್ನಿನ ಹರ್ನೊಸಾಂಡ್‌ನಲ್ಲಿ ಹುಟ್ಟಿದರು. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. 1942ರಲ್ಲಿ ವಿಮಾನ ತಯಾರಿಸುವ ಸಾಬ್ ಕಂಪನಿ ಸೇರಿದರು. ಅಪಾಯ ಬಂದಾಗ ಪೈಲಟ್‌ನನ್ನು ಸೀಟಿನ ಸಮೇತ ವಿಮಾನದಿಂದ ಹೊರಗೆ ಚಿಮ್ಮಿಸುವ ವ್ಯವಸ್ಥೆಯ ಮೇಲೆ ಕೆಲಸ ಮಾಡಿದರು. ದಿಢೀರ್ ಬದಲಾಗುವ ವೇಗವನ್ನು ಮನುಷ್ಯನ ದೇಹ ಹೇಗೆ ತಾಳಿಕೊಳ್ಳುತ್ತದೆ ಎಂಬುದನ್ನು ಕಲಿತದ್ದು ಅಲ್ಲಿ.

1958ರಲ್ಲಿ ವೋಲ್ವೊ ಅವರನ್ನು ಸುರಕ್ಷತಾ ಎಂಜಿನಿಯರ್ ಆಗಿ ಕರೆಸಿಕೊಂಡಿತು. ಆಗ ಕೆಲವು ಕಾರುಗಳಲ್ಲಿ ಸೊಂಟಕ್ಕೆ ಮಾತ್ರ ಬಿಗಿಯುವ ಪಟ್ಟಿ ಇತ್ತು. ಬಕಲ್ ಹೊಟ್ಟೆಯ ಮೇಲೆ ಕೂರುತ್ತಿದ್ದರಿಂದ, ಜೋರಾದ ಅಪಘಾತದಲ್ಲಿ ಅದೇ ಒಳಗಿನ ಅಂಗಗಳಿಗೆ ಪೆಟ್ಟು ಕೊಡುತ್ತಿತ್ತು. ಪೈಲಟ್‌ಗಳಾದರೆ ಎಷ್ಟು ಪಟ್ಟಿ ಬಿಗಿದರೂ ಸುಮ್ಮನಿರುತ್ತಾರೆ. ಕಾರಿನವರು ಒಂದು ನಿಮಿಷವೂ ಕಿರಿಕಿರಿ ಸಹಿಸುವುದಿಲ್ಲ. ಬೋಲಿನ್‌ಗೆ ಇದು ಗೊತ್ತಿತ್ತು. ಸುಮಾರು ಒಂದು ವರ್ಷ ತಲೆ ಕೆಡಿಸಿಕೊಂಡು ಅವರು ಕಂಡುಕೊಂಡ ಪರಿಹಾರ ಬಹಳ ಸರಳ: ಎದೆಯ ಮೇಲೊಂದು ಪಟ್ಟಿ, ಸೊಂಟದ ಮೇಲೊಂದು ಪಟ್ಟಿ, ಎರಡೂ ಸೀಟಿನ ಪಕ್ಕದಲ್ಲಿ ಒಂದೇ ಕಡೆ ಕೂಡಬೇಕು, ಒಂದೇ ಕೈಯಲ್ಲಿ ಹಾಕಿಕೊಳ್ಳುವಂತಿರಬೇಕು. 1959ರಲ್ಲಿ ವೋಲ್ವೊ ಕಾರುಗಳಲ್ಲಿ ಅದು ಬಂತು. ಪೇಟೆಂಟ್ ಇದ್ದರೂ ಕಂಪನಿ ಅದನ್ನು ಬೇರೆ ತಯಾರಕರಿಗೂ ಬಿಟ್ಟುಕೊಟ್ಟಿತು. ಇಂದು ನಮ್ಮ ಮನೆಯ ಕಾರಿನಲ್ಲಿರುವುದೂ ಅದೇ.

ಜನ ಮಾತ್ರ ಸುಲಭವಾಗಿ ನಂಬಲಿಲ್ಲ. ಬೋಲಿನ್ ವಾದ ಮಾಡುತ್ತ ಕೂರದೆ ಲೆಕ್ಕ ತೆಗೆದರು. 1967ರಲ್ಲಿ 28,000 ಅಪಘಾತಗಳ ಅಧ್ಯಯನ ಮುಂದಿಟ್ಟರು. ಬೆಲ್ಟ್ ಹಾಕದವರು ಕಡಿಮೆ ವೇಗದಲ್ಲೂ ಸತ್ತಿದ್ದರು. ಬೆಲ್ಟ್ ಹಾಕಿದವರಲ್ಲಿ ಗಂಟೆಗೆ ಸುಮಾರು 96 ಕಿ.ಮೀ.ಗಿಂತ ಕೆಳಗೆ ಒಬ್ಬರೂ ಸತ್ತಿರಲಿಲ್ಲ.

ಆ 96 ಎಂಬ ಸಂಖ್ಯೆಯನ್ನು ನಾವು ಸರಿಯಾಗಿ ಓದಬೇಕು. ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ನಾನು ಬೈಕ್ ನೋಡಿ ಬ್ರೇಕಿಗೆ ಕಾಲಿಡುವಷ್ಟರಲ್ಲೇ ಕಾರು ಅಷ್ಟು ಮುಂದೆ ಹೋಗಿರಬಹುದು. 50ರ ವೇಗಕ್ಕೆ ಹೋಲಿಸಿದರೆ 100ರಲ್ಲಿ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಕಾರು ನಿಂತರೂ ಬೆಲ್ಟ್ ಇಲ್ಲದ ದೇಹ ಅದೇ ವೇಗದಲ್ಲಿ ಮುಂದೆ ಹೋಗುತ್ತದೆ. ಹಿಂದಿನ ಸೀಟಿನವರು ಮುಂದಿನವರ ಮೇಲೆಯೇ ಬೀಳುತ್ತಾರೆ. ಬೆಲ್ಟ್ ನಮ್ಮನ್ನು ಕಾಯುತ್ತದೆ, ನಿಜ. ಆದರೆ ಅದು ವೇಗಕ್ಕೆ ಕೊಟ್ಟ ಪರವಾನಗಿಯಲ್ಲ.

ಬೋಲಿನ್ 1985ರಲ್ಲಿ ನಿವೃತ್ತರಾದರು. 2002ರ ಸೆಪ್ಟೆಂಬರ್‌ನಲ್ಲಿ, 82ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಬೆಲ್ಟ್ ಹತ್ತು ಲಕ್ಷಕ್ಕೂ ಹೆಚ್ಚು ಜೀವ ಉಳಿಸಿದೆ ಎಂಬುದು ವೋಲ್ವೊದ ಅಂದಾಜು.

ಗೆಳೆಯರೇ, ಬೀಪ್ ಶಬ್ದ ನಿಲ್ಲಿಸಲು ಖಾಲಿ ಕ್ಲಿಪ್ ಸಿಕ್ಕಿಸುವವರು ನಮ್ಮಲ್ಲೇ ಎಷ್ಟೋ ಮಂದಿ ಇದ್ದಾರೆ. ನಾನಂತೂ ಈಗ ನಾಲ್ಕು ಬಾರಿ ಟಕ್ ಎಂದು ಕೇಳಿಸುವ ತನಕ ಗಾಡಿ ತೆಗೆಯುವುದಿಲ್ಲ, ಮುಳ್ಳು ಎಂಬತ್ತು ದಾಟಲು ಬಿಡುವುದೂ ಇಲ್ಲ. ಅಜ್ಜಿ ಮೊದಮೊದಲು ಗೊಣಗಿದರು. ಈಗ ಒಂದು ಕೈಯಲ್ಲಿ ಎಲೆ ಅಡಿಕೆ ಚೀಲ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಬೆಲ್ಟ್ ಹಾಕಿಕೊಳ್ಳುತ್ತಾರೆ.